ಒಂದು ಕಪ್ಪು ಫೋನು, ನಾಲ್ಕು ಕ್ಯಾಡ್

ನಮ್ಮ ಹವ್ಯಾಸಿ ತಂಡದ ಹೊಸ ನಾಟಕದಲ್ಲಿ ಮನೆ ಯಜಮಾನ ಸಿಟ್ಟಿನಲ್ಲಿ ಫೋನ್ ಎತ್ತಿ ನೆಲಕ್ಕೆ ಬಡಿಯುವ ದೃಶ್ಯ ಇದೆ. ಕಥೆ ನಡೆಯುವುದು 1960ರ ದಶಕದಲ್ಲಿ. ಹಾಗಾಗಿ ಬೆರಳು ಹಾಕಿ ತಿರುಗಿಸುವ ಕಪ್ಪು ಫೋನೇ ಬೇಕು. ನಮ್ಮ ಮನೆಯಲ್ಲಿ ತಾತನ ಕಾಲದ ಐಟಿಐ ಫೋನು ಒಂದಿದೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನದು. ದೂರವಾಣಿನಗರ ಅನ್ನುವ ಹೆಸರು ಬಂದದ್ದೇ ಆ ಕಾರ್ಖಾನೆಯಿಂದ. ಫೋನಿನ ಮೈ ಬೇಕಲೈಟ್, ಹಳೆಯ ಕಾಲದ ಪ್ಲಾಸ್ಟಿಕ್. ನೋಡಲು ಗಟ್ಟಿ, ಆದರೆ ಕೈಜಾರಿದರೆ ಮಡಕೆಯ ಹಾಗೆ ಒಡೆಯುತ್ತದೆ. ಅದನ್ನು ಪ್ರತಿ ಪ್ರದರ್ಶನದಲ್ಲೂ ಬಡಿಯಲು ಕೊಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ತದ್ರೂಪು ಮಾಡಿಸೋಣ ಅಂದೆ.

ಮೈಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪದರಗಳು, ಡಯಲ್‌ಗೆ 3 ಮಿ.ಮೀ. ಅಕ್ರಿಲಿಕ್, ರಿಸೀವರ್‌ನ ಎರಡು ಬಟ್ಟಲು ಮಾತ್ರ ಚನ್ನಪಟ್ಟಣದಲ್ಲಿ ಮರದಲ್ಲಿ ಕಡೆಸುವುದು, ಹೀಗೆ ಲೆಕ್ಕ ಹಾಕಿದೆ. ಅಂದರೆ ನನ್ನ ಡ್ರಾಯಿಂಗ್ ಮೂರು ಜನರ ಕೈಗೆ ಹೋಗಬೇಕು: ಲೇಸರ್ ಅಂಗಡಿಯವರು, ನಮ್ಮ ಬಡಗಿ ಆಚಾರ್ರು, ಚನ್ನಪಟ್ಟಣದ ಮರ ಕಡೆಯುವವರು. ಯಾವ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಅಳತೆಯ ಡ್ರಾಯಿಂಗ್ ಬರೆಯುವ ತಂತ್ರಾಂಶ, ಹಿಡಿಯಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಅದಕ್ಕೆ ಇದೇ ಫೋನನ್ನು ಲಿಬ್ರೆಕ್ಯಾಡ್, ಫ್ರೀಕ್ಯಾಡ್, ಫ್ಯೂಷನ್, ಆನ್‌ಶೇಪ್ ನಾಲ್ಕರಲ್ಲೂ ಬರೆದು ನೋಡಿದೆ. ಮೊದಲನೆಯದರಲ್ಲಿ ಚಪ್ಪಟೆ ಗೆರೆಚಿತ್ರ ಮಾತ್ರ, ಉಳಿದ ಮೂರರಲ್ಲಿ ಮೂರು ಆಯಾಮದ ಮಾದರಿಯನ್ನೇ ಕಟ್ಟಬಹುದು. ಎರಡು ತಿಂಗಳ ಸಂಜೆಗಳು ಇದಕ್ಕೇ ಹೋದವು.

ಮೊದಲು ಡಯಲ್ ಬಗ್ಗೆ ಹೇಳಬೇಕು. ಮುಂದಿನ ಸಾಲಿನಲ್ಲಿ ಕೂತವರ ಕಣ್ಣು ನೆಡುವುದೇ ಅಲ್ಲಿ. ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಅಳೆದೆ: ತಟ್ಟೆಯ ವ್ಯಾಸ 76 ಮಿ.ಮೀ., ತೂತುಗಳ ಮಧ್ಯಬಿಂದು ಕೂರುವ ವೃತ್ತ 57 ಮಿ.ಮೀ., ಒಂದೊಂದು ತೂತು 12 ಮಿ.ಮೀ. ಲಿಬ್ರೆಕ್ಯಾಡ್‌ನಲ್ಲಿ ಇಷ್ಟನ್ನು ಬರೆಯಲು ಹತ್ತು ನಿಮಿಷ ಸಾಕಾಯಿತು. ಹತ್ತು ತೂತು ಅಂತ 360ನ್ನು ಹತ್ತರಿಂದ ಭಾಗಿಸಿ, 36 ಡಿಗ್ರಿಗೊಂದರಂತೆ ತಿರುಗಿಸಿ ನಕಲು ಹಾಕಿದೆ. ರಟ್ಟಿನಲ್ಲಿ ಕತ್ತರಿಸಿ ತಾತನ ಫೋನಿನ ಪಕ್ಕ ಹಿಡಿದರೆ ಅದು ಫೋನ್ ಅನ್ನಿಸಲೇ ಇಲ್ಲ. ಮತ್ತೆ ಅಳೆದಾಗ ಗೊತ್ತಾಯಿತು, ತೂತುಗಳ ನಡುವೆ ಇರುವುದು 30 ಡಿಗ್ರಿ. ಒಂದರಿಂದ ಸೊನ್ನೆಯವರೆಗೆ 270 ಡಿಗ್ರಿ ಆಗಿ, ಉಳಿದ 90 ಡಿಗ್ರಿ ಖಾಲಿ. ಬೆರಳನ್ನು ತಡೆಯುವ ಆ ಪುಟ್ಟ ಕೊಕ್ಕೆ ಕೂರುವುದು ಆ ಖಾಲಿ ಜಾಗದಲ್ಲೇ. ಆ ಜಾಗ ಇಲ್ಲದಿದ್ದರೆ ಡಯಲ್‌ಗೆ ಜೀವವೇ ಬರುವುದಿಲ್ಲ. ಸೊನ್ನೆ ತಿರುಗಿಸಿದರೆ ತಂತಿಯಲ್ಲಿ ಹತ್ತು ಪಲ್ಸ್ (ವಿದ್ಯುತ್ ಮಿಡಿತ), ತಟ್ಟೆ ವಾಪಸ್ ಬರಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ನಟರಿಗೂ ಇದನ್ನು ಹೇಳಿಕೊಟ್ಟೆ. ಸುಮ್ನೆ ಗಿರಗಿರ ತಿರುಗಿಸಿದರೆ ಆ ಕಾಲವನ್ನು ಕಂಡವರಿಗೆ ತಕ್ಷಣ ತಿಳಿಯುತ್ತದೆ, ಅಲ್ವಾ?

ಈ ತಿದ್ದುಪಡಿ ಮಾಡುವಾಗಲೇ ನಾಲ್ಕರ ಗುಣ ಬೇರೆ ಬೇರೆ ಅಂತ ಮೊದಲು ಕಂಡದ್ದು. ಲಿಬ್ರೆಕ್ಯಾಡ್‌ನಲ್ಲಿ ಒಂಬತ್ತು ತೂತು ಅಳಿಸಿ, ಮತ್ತೆ 30 ಡಿಗ್ರಿ ಕೊಟ್ಟು ಒಂಬತ್ತು ನಕಲು ಹಾಕಬೇಕಾಯಿತು. ಉಳಿದ ಮೂರರಲ್ಲಿ ಪ್ಯಾಟರ್ನ್ (ಒಂದೇ ಆಕಾರವನ್ನು ಸಾಲಾಗಿ ನಕಲಿಸುವ ಸಲಕರಣೆ) ತೆರೆದು ಕೋನ ಬದಲಿಸಿದರೆ ಮುಗಿಯಿತು. ಹತ್ತು ತೂತಿಗೆ ಇದು ದೊಡ್ಡ ಮಾತಲ್ಲ. ಫೋನಿನ ಮೈಗೆ ಬಂದಾಗ ಇದೇ ದೊಡ್ಡ ಮಾತಾಯಿತು.

ಮೈಯ ಎತ್ತರ 120 ಮಿ.ಮೀ. 6 ಮಿ.ಮೀ. ಎಂಡಿಎಫ್‌ನ 20 ಪದರ ಒಂದರ ಮೇಲೊಂದು ಅಂಟಿಸಿ, ಅಂಚು ಉಜ್ಜಿ ನುಣುಪು ಮಾಡುವುದು ನನ್ನ ಯೋಜನೆ. ಕೆಳಗಿನ ಪದರ ದೊಡ್ಡದು, ಮೇಲೆ ಹೋದಂತೆ ಚಿಕ್ಕದು, ಒಳಗೆ ಟೊಳ್ಳು. ಅಂಗಡಿಯಿಂದ ಹಲಗೆ ತಂದು ವರ್ನಿಯರ್ ಇಟ್ಟರೆ 5.6 ಮಿ.ಮೀ. ಬಂತು. 20 ಪದರಕ್ಕೆ 112 ಮಿ.ಮೀ. ಅಷ್ಟೇ. ಎಂಟು ಮಿ.ಮೀ. ಗಿಡ್ಡವಾದ ಫೋನು ಕಣ್ಣಿಗೆ ಹೊಡೆಯುತ್ತದೆ. ಫ್ರೀಕ್ಯಾಡ್‌ನಲ್ಲಿ ನಾನು ಅಳತೆಗಳನ್ನೆಲ್ಲ ಅದರ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟು ಮಾದರಿಗೆ ಜೋಡಿಸಿದ್ದೆ. ಹಲಗೆ ದಪ್ಪದ ಜಾಗದಲ್ಲಿ 5.6 ಅಂತ ಬದಲಿಸಿದೆ, ಪದರ 21 ಮಾಡಿದೆ. ಕ್ರಾಸ್ ಸೆಕ್ಷನ್ ಅನ್ನುವ ಸಲಕರಣೆಗೆ ಅಂತರ, ಸಂಖ್ಯೆ ಎರಡು ಕೊಟ್ಟರೆ ಅಷ್ಟೂ ಪದರಗಳ ಗೆರೆ ಒಟ್ಟಿಗೆ ಬಂತು. 117.6 ಮಿ.ಮೀ. ಆಯಿತು. ಉಳಿದದ್ದಕ್ಕೆ ಅಡಿಯಲ್ಲಿ ರಬ್ಬರ್ ಷೀಟ್. ಅದೇ ಕೆಲಸ ಲಿಬ್ರೆಕ್ಯಾಡ್‌ನಲ್ಲಿ ಮಾಡಿದ್ದರೆ 21 ಪದರವನ್ನೂ ಕೈಯಲ್ಲಿ ಮತ್ತೆ ಬರೆಯಬೇಕಿತ್ತು. ಫ್ಯೂಷನ್‌ನಲ್ಲೂ ಆನ್‌ಶೇಪ್‌ನಲ್ಲೂ ಅಳತೆಗೆ ಹೆಸರಿಟ್ಟು ಬದಲಿಸುವ ಸೌಲಭ್ಯ ಚೆನ್ನಾಗಿದೆ. ಆದರೆ ಪದರ ಕತ್ತರಿಸಲು ಒಂದೊಂದು ಪ್ಲೇನ್ (ಕತ್ತರಿಸುವ ಸಮತಲ) ಹಾಕುತ್ತಾ ಹೋದೆ. ಈ ಒಂದು ಕಾರಣಕ್ಕೇ ಫ್ರೀಕ್ಯಾಡ್ ನನ್ನ ಮನಸ್ಸು ಗೆದ್ದಿತು.

ಹಾಗಂತ ಫ್ರೀಕ್ಯಾಡ್ ಸಲೀಸು ಅಂತ ಹೇಳಲಾರೆ. ಅದರ ಸಲಕರಣೆಗಳು ವರ್ಕ್‌ಬೆಂಚ್ ಅನ್ನುವ ಬೇರೆ ಬೇರೆ ಗುಂಪುಗಳಲ್ಲಿವೆ. ಮೊದಲ ವಾರ ಯಾವ ಕೆಲಸಕ್ಕೆ ಯಾವ ವರ್ಕ್‌ಬೆಂಚ್‌ಗೆ ಹೋಗಬೇಕು ಅನ್ನುವುದೇ ಗೊಂದಲ. ಹಳೆಯ ಆವೃತ್ತಿಗಳಲ್ಲಿ ಒಂದು ಮೂಲೆ ತಿದ್ದಿದರೆ ಅದರ ಮೇಲೆ ಕಟ್ಟಿದ್ದು ಕದಲುವ ತೊಂದರೆ ಇತ್ತು. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ಬಹಳ ಮಟ್ಟಿಗೆ ಸರಿಹೋಗಿದೆ. ಹಿಂದೆ ಯಾವಾಗಲೋ ಪ್ರಯತ್ನಿಸಿ ಬಿಟ್ಟವರು ಈಗ ಮತ್ತೊಮ್ಮೆ ನೋಡಬೇಕು ಅನ್ನುವುದು ನನ್ನ ಕಳಕಳಿಯ ಮಾತು. ಇದಕ್ಕೆ ದುಡ್ಡಿಲ್ಲ, ಇಂಟರ್‌ನೆಟ್ ಬೇಡ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ರಿಸೀವರ್‌ನ ಹಿಡಿಕೆಗೆ ಬಂದರೆ ಮಾತು ಬೇರೆ. ಅದು ನಡುವಿನಲ್ಲಿ ಸ್ವಲ್ಪ ಬಾಗಿ, ತುದಿಗೆ ಹೋದಂತೆ ಅಗಲವಾಗಿ, ಬಟ್ಟಲಿಗೆ ನಯವಾಗಿ ಸೇರಿಕೊಳ್ಳುತ್ತದೆ. ಫ್ಯೂಷನ್‌ನಲ್ಲಿ ಒಂದೇ ಸಂಜೆಯಲ್ಲಿ ಆಕಾರ ಬಂತು. ಅಂಚು ದುಂಡಗೆ ಮಾಡುವುದು, ವಕ್ರರೇಖೆ ಎಳೆದು ನೋಡುತ್ತಾ ತಿದ್ದುವುದು, ಎಲ್ಲವೂ ಕೈಗೆ ಒಗ್ಗುವ ಹಾಗಿದೆ. ಫ್ರೀಕ್ಯಾಡ್‌ನಲ್ಲಿ ಅದೇ ಹಿಡಿಕೆಗೆ ನಾಲ್ಕು ಸಂಜೆ. ಅಂಚಿನ ದುಂಡು ಸ್ವಲ್ಪ ಜಾಸ್ತಿ ಕೊಟ್ಟರೆ ಆಗುವುದಿಲ್ಲ ಅನ್ನುತ್ತಿತ್ತು, ಕಡಿಮೆ ಮಾಡಿ ಮಾಡಿ ಕೂರಿಸಿದೆ. ಫ್ಯೂಷನ್‌ನ ಉಚಿತ ಪರವಾನಗಿ ಸ್ವಂತ ಹವ್ಯಾಸಕ್ಕೆ ಮಾತ್ರ ಅನ್ನುವುದು ನೆನಪಿರಲಿ. ಒಂದು ಸಲಕ್ಕೆ ತಿದ್ದಲು ಸಿಗುವುದು 10 ಕಡತ, ಡ್ರಾಯಿಂಗ್ ಒಂದೇ ಹಾಳೆ. ಒಂದು ಫೋನಿಗೆ ಇದು ಸಾಕು. ಇಡೀ ನಾಟಕದ ಪರಿಕರಗಳನ್ನು ಒಟ್ಟಿಗೆ ಬರೆಯಲು ಹೊರಟರೆ ಇಕ್ಕಟ್ಟು.

ಆನ್‌ಶೇಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೌಸರ್‌ನಲ್ಲೇ ಓಡುವುದರಿಂದ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸರಾಗವಾಗಿತ್ತು, ಡ್ರಾಯಿಂಗ್ ಹಾಳೆಯೂ ಅಚ್ಚುಕಟ್ಟು. ಆದರೆ ಉಚಿತ ಖಾತೆಯಲ್ಲಿ ಬರೆದದ್ದೆಲ್ಲ ಎಲ್ಲರಿಗೂ ಕಾಣುತ್ತದೆ. ಕರೆಂಟ್ ಹೋಗಿ ನೆಟ್ ನಿಂತ ಸಂಜೆ ಕೆಲಸವೂ ನಿಂತಿತು. ಊರಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಪರದೆಯ ಮೇಲೆ ನಾಲ್ಕೂ ಚೆಂದ. ಕಾಗದ ಇನ್ನೊಬ್ಬರ ಕೈಗೆ ಹೋದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು.

ಫೋನಿನ ತಂತಿ ಹೊರಗೆ ಬರುವ ತೂತು ಎಡಮಗ್ಗುಲಲ್ಲಿ, ಹಿಂಭಾಗಕ್ಕೆ ಹತ್ತಿರ. ಅದರ ಹಾಳೆಯನ್ನು ಫ್ಯೂಷನ್‌ನಲ್ಲಿ ಮಾಡಿ ಆಚಾರ್ರಿಗೆ ಕೊಟ್ಟೆ. ಅವರು ತೂತನ್ನು ಬಲಗಡೆ ಕೊರೆದಿದ್ದರು. ಕೇಳಿದರೆ, ಹಾಳೆ ತಂದು ಮುಂದಿಟ್ಟು, "ಎಡಗಡೆ ಬರೆದಿರೋ ಚಿತ್ರ ಬಲಗಡೆಯಿಂದ ನೋಡಿದ್ದು ಅಲ್ವಾ ಸಾರ್? ನಾವು ಕಲಿತಿದ್ದು ಹಾಗೇ," ಅಂದರು. ಅವರು ಹೇಳಿದ್ದೇ ಸರಿ. ಹಾಳೆಯ ಮೇಲೆ ನೋಟಗಳನ್ನು ಜೋಡಿಸಲು ನಮ್ಮಲ್ಲಿ ಕಲಿಸುವ ಕ್ರಮ ಫಸ್ಟ್ ಆ್ಯಂಗಲ್. ಅದರಲ್ಲಿ ಎಡಗಡೆಯಿಂದ ಕಂಡ ನೋಟ ಬಲಕ್ಕೆ ಬರುತ್ತದೆ, ಬಲಗಡೆಯಿಂದ ಕಂಡದ್ದು ಎಡಕ್ಕೆ. ನಾನು ಡ್ರಾಯಿಂಗ್ ಶುರು ಮಾಡುವಾಗ ಅಮೆರಿಕದ ಎಎಸ್‌ಎಂಇ ಮಾನಕ ಆರಿಸಿದ್ದೆ, ಅದು ಥರ್ಡ್ ಆ್ಯಂಗಲ್‌ನಲ್ಲಿ ನೋಟಗಳನ್ನು ಕೂರಿಸಿತ್ತು, ಅಂದರೆ ಎಡಗಡೆಯಿಂದ ಕಂಡದ್ದು ಎಡಕ್ಕೇ. ಅಂತರರಾಷ್ಟ್ರೀಯ ಐಎಸ್‌ಒ ಮಾನಕ ಆರಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಫ್ರೀಕ್ಯಾಡ್‌ನಲ್ಲಿ ಡ್ರಾಯಿಂಗ್ ಹಾಳೆ ಮಾಡುವ ಟೆಕ್‌ಡ್ರಾ ಭಾಗದಲ್ಲಿ ನೋಟಗಳ ಗುಂಪು ಹಾಕುವಾಗಲೇ ಫಸ್ಟ್ ಆ್ಯಂಗಲ್ ಅನ್ನುವ ಆಯ್ಕೆ ಕಣ್ಣೆದುರಿಗೆ ಇರುತ್ತದೆ. ಯಾವುದನ್ನೇ ಬಳಸಿ, ಮೊದಲ ಹಾಳೆ ತೆಗೆಯುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಟೆಕ್‌ಡ್ರಾದಲ್ಲಿ ನನಗೆ ಇನ್ನೊಂದು ಸಂತೋಷ ಸಿಕ್ಕಿತು. ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಬಹುದು, ಒತ್ತಕ್ಷರ ಸರಿಯಾಗಿ ಕೂರುತ್ತದೆ. "ಈ ಮಗ್ಗುಲು ಹಿಂದಕ್ಕೆ", "ಇಲ್ಲಿ ಅಂಟು ಬೇಡ", ಹೀಗೆ. ಆಚಾರ್ರು ಎರಡನೇ ಹಾಳೆ ಹಿಡಿದು ಜೋರಾಗಿ ಓದಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಿ.ಮೀ. ಪಕ್ಕದಲ್ಲಿ ಇಂಚು, ನೂಲನ್ನು ನಾನೇ ಪೆನ್ನಿನಲ್ಲಿ ಬರೆದುಕೊಟ್ಟೆ, ಅವರ ಕೈ ಓಡುವುದು ಆ ಲೆಕ್ಕದಲ್ಲಿ. ಲಿಬ್ರೆಕ್ಯಾಡ್ ಬಳಸುವುದು ಗೆರೆಗಳಿಂದ ಕಟ್ಟಿದ ತನ್ನದೇ ಫಾಂಟ್‌ಗಳನ್ನು, ಅದರಲ್ಲಿ ನನಗೆ ಕನ್ನಡ ಕೂರಲಿಲ್ಲ.

ಲೇಸರ್ ಅಂಗಡಿಗೆ ಬೇಕಾದದ್ದು ಡಿಎಕ್ಸ್‌ಎಫ್ (ಡ್ರಾಯಿಂಗ್ ಗೆರೆಗಳನ್ನು ಬೇರೆ ತಂತ್ರಾಂಶಕ್ಕೆ ಒಯ್ಯುವ ರೂಪ) ಕಡತ ಮಾತ್ರ. ಅಲ್ಲಿ ತೆರೆದಾಗ ನನ್ನ 76 ಮಿ.ಮೀ. ಡಯಲ್ 76 ಇಂಚು ಆಗಿ ಪರದೆ ತುಂಬಿತು. ಅವರ ಕಡೆ ಇಂಚು, ನನ್ನ ಕಡೆ ಮಿ.ಮೀ. ಆವತ್ತಿನಿಂದ ಪ್ರತಿ ಕಡತದ ಮೂಲೆಯಲ್ಲೂ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆಯುತ್ತೇನೆ. ಕತ್ತರಿಸುವ ಮುಂಚೆ ಆ ಗೆರೆ ಎಷ್ಟಿದೆ ಅಂತ ಕೇಳಿದರೆ ಸಾಕು. ಕಾಗದಕ್ಕೂ ಇದೇ ಉಪಾಯ. ಪ್ರಿಂಟ್ ಅಂಗಡಿಯಲ್ಲಿ ಹಾಳೆಗೆ ಹೊಂದಿಸು ಅನ್ನುವ ಗುರುತು ಬಿದ್ದಿದ್ದರೆ ಚಿತ್ರ ಕುಗ್ಗಿರುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಆ ಗೆರೆ ಅಳೆದೇ ಹಾಳೆ ತೆಗೆದುಕೊಂಡು ಬನ್ನಿ.

ಕೊನೆಗೆ ಚನ್ನಪಟ್ಟಣ. ರಿಸೀವರ್ ಬಟ್ಟಲಿಗೆ ಫ್ರೀಕ್ಯಾಡ್‌ನಿಂದ ಮೂರು ನೋಟ, ಒಂದು ಸೀಳುನೋಟ, ಹದಿನಾರು ಅಳತೆ ಇರುವ ಹಾಳೆ ಒಯ್ದಿದ್ದೆ. ಕಡೆಯುವ ಹಿರಿಯರು ಕನ್ನಡಕ ಏರಿಸಿ ನೋಡಿದರು. "ಇಷ್ಟೊಂದು ಗೆರೆ ಯಾಕಪ್ಪಾ? ಅರ್ಧ ಅಂಚು ಅಳತೆಗೆ ಸರಿಯಾಗಿ ಬರೆದುಕೊಡು, ರಟ್ಟಿನಲ್ಲಿ ಕತ್ತರಿಸಿ ಹಿಡಿದು ನೋಡ್ತೀನಿ," ಅಂದರು. ಅಲ್ಲೇ ಕೂತು ಲಿಬ್ರೆಕ್ಯಾಡ್ ತೆರೆದು ಮೂರು ಕಮಾನು, ಎರಡು ಗೆರೆ ಎಳೆದೆ. ಪಕ್ಕದ ಅಂಗಡಿಯಲ್ಲಿ 1:1 ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿಕೊಟ್ಟೆ. ಆಲೆ ಮರದ ತುಂಡು ತಿರುಗುತ್ತಿತ್ತು. ಅವರು ಉಳಿ ಇಡುವುದು, ನಿಲ್ಲಿಸಿ ರಟ್ಟು ಹಿಡಿಯುವುದು, ಮತ್ತೆ ಉಳಿ. ರಟ್ಟಿನ ಕೆಳಗೆ ಬೆಳಕು ಕಾಣದ ಮೇಲೆ ಕಪ್ಪು ಅರಗಿನ ಕಡ್ಡಿ ಒತ್ತಿದರು. ತಿರುಗುವ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡಿತು. ತಾಳೆಗರಿಯಿಂದ ಉಜ್ಜಿದಾಗ ಬಂದ ಆ ಹೊಳಪು ತಾತನ ಫೋನಿನ ಹೊಳಪೇ. ಬಣ್ಣದ ಡಬ್ಬಿಯಿಂದ ನನಗೆ ಅದು ಒಮ್ಮೆಯೂ ಬಂದಿರಲಿಲ್ಲ.

ಹೀಗಾಗಿ ಒಂದೇ ತಂತ್ರಾಂಶ ಹೇಳಿ ಅಂದರೆ ಫ್ರೀಕ್ಯಾಡ್ ಅನ್ನುತ್ತೇನೆ. ಆದರೆ ಲಿಬ್ರೆಕ್ಯಾಡ್ ತೆಗೆದುಹಾಕಬೇಡಿ. ಹಿಡಿಕೆಯಂಥ ಬಾಗಿದ ಆಕಾರ ಜಾಸ್ತಿ ಇರುವ ಪರಿಕರ ಆದರೆ ಫ್ಯೂಷನ್‌ಗೆ ಹೋಗಿ, ಅಲ್ಲಿ ಸಮಯ ಉಳಿಯುತ್ತದೆ. ನಮ್ಮ ಫೋನು ಇಲ್ಲಿಯವರೆಗೆ ಆರು ಪ್ರದರ್ಶನದಲ್ಲಿ ನೆಲಕ್ಕೆ ಬಿದ್ದಿದೆ. ಡಯಲ್ ಒಮ್ಮೆ ಒಡೆಯಿತು, ಕಡತ ಇತ್ತು, ಮಾರನೇ ದಿನವೇ ಹೊಸದು ಕತ್ತರಿಸಿಕೊಂಡು ಬಂದೆ. ಈಗ ಮುಂದಿನ ನಾಟಕಕ್ಕೆ ಸೀಮೆಎಣ್ಣೆ ಲಾಟೀನು ಅಳೆಯುತ್ತಿದ್ದೇನೆ.