ಎಕ್ಸ್‌ಫಾಯಿಲ್: ಕ್ಯಾಂಬರ್ ಆಯ್ಕೆಗೆ ನೆಚ್ಚಬಹುದು, ಸ್ಟಾಲ್ ಲೆಕ್ಕಕ್ಕೆ ನೆಚ್ಚಬಾರದು

ಹಗುರ ವಿಮಾನದ ರೆಕ್ಕೆಗೆ ಎಷ್ಟು ಕ್ಯಾಂಬರ್ (ಬಾಗು) ಇರುವ ಏರ್‌ಫಾಯಿಲ್ (ರೆಕ್ಕೆಯ ಅಡ್ಡಕೊಯ್ತದ ಆಕಾರ) ಹೊಂದುತ್ತದೆ ಎಂದು ತೂಗಿ ನೋಡುವವರಿಗೆ ಎಕ್ಸ್‌ಫಾಯಿಲ್ ಹಳೆಯ ಸಂಗಾತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಾರ್ಕ್ ಡ್ರೆಲಾ 1986ರಲ್ಲಿ ಬರೆದ, ಏರ್‌ಫಾಯಿಲ್ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕಹಾಕುವ ಈ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಒತ್ತುವ ಗುಂಡಿಗಳಿಲ್ಲ, ಮೌಸ್‌ನಿಂದ ಆರಿಸುವ ಮೆನುಗಳಿಲ್ಲ, ಪ್ರತಿಯೊಂದು ಆದೇಶವನ್ನೂ ಬೆರಳಚ್ಚಿಸಬೇಕು. ಮೊದಲ ದಿನ ಇದು ರೇಜಿಗೆ ಹುಟ್ಟಿಸುತ್ತದೆ, ಅಷ್ಟೆ.

ಪರೀಕ್ಷೆಗೆ ನಾನು ನಾಕಾ (ಅಮೆರಿಕದ ಹಿಂದಿನ ವಿಮಾನಶಾಸ್ತ್ರ ಸಂಸ್ಥೆ) ರೂಪಿಸಿದ 2412, 4412 ಮತ್ತು 23012 ಎಂಬ ಮೂರು ಆಕಾರಗಳನ್ನು ಎತ್ತಿಕೊಂಡು, ರೆನಾಲ್ಡ್ಸ್ ಸಂಖ್ಯೆಯನ್ನು (ವೇಗ ಮತ್ತು ರೆಕ್ಕೆಯ ಗಾತ್ರಕ್ಕೆ ತಕ್ಕಂತೆ ಗಾಳಿಯ ಹರಿವಿನ ಸ್ವಭಾವ ಸೂಚಿಸುವ ಅಂಕಿ) 30 ಲಕ್ಷಕ್ಕೆ ಇಟ್ಟೆ. ಮೂರರ ದಪ್ಪವೂ ಕಾರ್ಡ್‌ನ (ರೆಕ್ಕೆಯ ಮುಂಅಂಚಿನಿಂದ ಹಿಂಅಂಚಿನವರೆಗಿನ ಅಳತೆ) ಶೇ. 12, ವ್ಯತ್ಯಾಸವಿರುವುದು ಕ್ಯಾಂಬರ್‌ನಲ್ಲಿ. ಮೊದಲನೆಯದರಲ್ಲಿ ಅದು ಶೇ. 2, ಎರಡನೆಯದರಲ್ಲಿ ಶೇ. 4, ಎರಡರಲ್ಲೂ ಅದರ ಶಿಖರ ಕಾರ್ಡ್‌ನ ಶೇ. 40ರಲ್ಲಿ, ಮೂರನೆಯದರಲ್ಲಿ ಆ ಶಿಖರ ಶೇ. 15ಕ್ಕೆ, ಅಂದರೆ ಮೂಗಿನ ಹತ್ತಿರಕ್ಕೆ ಸರಿದಿದೆ. ಲಿಫ್ಟ್ (ಮೇಲೆತ್ತುವ ಬಲ) ಮತ್ತು ಡ್ರ್ಯಾಗ್‌ಗಳ (ಗಾಳಿಯ ತಡೆ) ಗರಿಷ್ಠ ಅನುಪಾತವೊಂದನ್ನೇ ನೋಡುವವರು 4412ಕ್ಕೆ ಮರುಳಾಗುತ್ತಾರೆ. ಆದರೆ ಸಾಮಾನ್ಯ ಹಗುರ ವಿಮಾನ ಸಮತಲ ಹಾರಾಟದಲ್ಲಿ ಕಳೆಯುವ ಹೆಚ್ಚಿನ ಹೊತ್ತು ಲಿಫ್ಟ್ ಗುಣಾಂಕ (ಲಿಫ್ಟನ್ನು ವೇಗ, ಗಾತ್ರಗಳಿಂದ ಬೇರ್ಪಡಿಸಿ ಹೋಲಿಸುವ ಅಂಕಿ) 0.3ರಿಂದ 0.4ರ ಆಸುಪಾಸಿನಲ್ಲಿರುತ್ತದೆ, ಅಲ್ಲಿ ಆ ಹೆಚ್ಚುವರಿ ಕ್ಯಾಂಬರ್‌ನಿಂದ ಆಗುವ ಲಾಭ ಅತ್ಯಲ್ಪ. ಮೇಲಾಗಿ 4412ರ ಮೂಗು ಬಗ್ಗಿಸುವ ಮೊಮೆಂಟ್‌ನ (ತಿರುಗಿಸುವ ಪ್ರಭಾವ) ಗುಣಾಂಕ ಸುಮಾರು −0.1, 2412ರದು ಅದರ ಅರ್ಧದಷ್ಟು, 23012ರದು ಸೊನ್ನೆಗೆ ಸಮೀಪ. ಈ ಮೊಮೆಂಟನ್ನು ಸರಿದೂಗಿಸಲು ಬಾಲದ ರೆಕ್ಕೆ ಕೆಳಮುಖವಾಗಿ ಒತ್ತಬೇಕಾಗುವುದರಿಂದ, ಮುಖ್ಯ ರೆಕ್ಕೆ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲಿಯೇ ಸೋರಿಹೋಗುತ್ತದೆ. ಈ ಹೋಲಿಕೆಯನ್ನು ಕೆಲವೇ ನಿಮಿಷಗಳಲ್ಲಿ ಕಣ್ಣೆದುರಿಗೆ ಇಡುವುದರಲ್ಲಿ ಎಕ್ಸ್‌ಫಾಯಿಲ್ ನಿಸ್ಸಂಶಯವಾಗಿ ಸಮರ್ಥ.

ಇದರ ದೌರ್ಬಲ್ಯ ಕಾಣುವುದು ಸ್ಟಾಲ್, ಅಂದರೆ ರೆಕ್ಕೆಯ ಲಿಫ್ಟ್ ಕುಸಿಯುವ ಸ್ಥಿತಿ, ಸಮೀಪಿಸಿದಾಗ. ಗರಿಷ್ಠ ಲಿಫ್ಟನ್ನು ಇದು ವಾಸ್ತವಕ್ಕಿಂತ ಉದಾರವಾಗಿ ಅಂದಾಜಿಸುತ್ತದೆ. ಗಾಳಿಸುರಂಗದಲ್ಲಿ 23012 ತೋರುವ ಥಟ್ಟನೆಯ ಲಿಫ್ಟ್ ಕುಸಿತವನ್ನು ಇದರ ವಕ್ರರೇಖೆಯಿಂದ ಊಹಿಸುವುದು ಅವಿವೇಕ. ಅಲ್ಲಿಗೆ 1945ರ ನಾಕಾ 824ನೇ ವರದಿಯ ಅಳತೆಗಳೇ ಆಧಾರವಾಗಬೇಕು. ದಾಳಿಕೋನವನ್ನು (ಎದುರು ಗಾಳಿಗೆ ರೆಕ್ಕೆ ಓರೆಯಾಗಿರುವ ಕೋನ) ಒಮ್ಮೆಲೇ ಜಿಗಿಸಿದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲದೆ ಒದ್ದಾಡುವುದೂ ಉಂಟು. ಅರ್ಧರ್ಧ ಡಿಗ್ರಿಯಂತೆ ಏರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಹೊಸಬರು ಕಡೆಗಣಿಸುವ ಸೌಲಭ್ಯವೊಂದಿದೆ: ರೆಕ್ಕೆಯ ಮೇಲೆ ನಯವಾಗಿ ಹರಿಯುವ ಗಾಳಿ (ಪದರಪ್ರವಾಹ) ಪ್ರಕ್ಷುಬ್ಧವಾಗುವ ಬಿಂದುವನ್ನು ನಾವೇ ನಿಗದಿಪಡಿಸಬಹುದು. ಅದನ್ನು ಮುಂಅಂಚಿನ ಬಳಿ, ಕಾರ್ಡ್‌ನ ಶೇ. 5ರಲ್ಲಿ ಇಟ್ಟು ಮರಳಿ ಲೆಕ್ಕಹಾಕಿದರೆ, ಕೀಟಗಳು ಅಂಟಿದ, ರಿವೆಟ್‌ಗಳು ಎದ್ದಿರುವ ರೆಕ್ಕೆಯ ಡ್ರ್ಯಾಗ್ ಎಷ್ಟಿರಬಹುದೆಂಬ ಅಂದಾಜು ಸಿಗುತ್ತದೆ. ನಯವಾದ ಮೇಲ್ಮೈಯ ಅಂಕಿಗಳನ್ನು ಮಾತ್ರ ನೋಡಿ ಆಯ್ಕೆ ಮಾಡಿದವರು ಇದೊಂದು ಪ್ರಯೋಗದ ನಂತರ ಮನಸ್ಸು ಬದಲಿಸಿದರೆ ಆಶ್ಚರ್ಯವಿಲ್ಲ. ನಾನಂತೂ ಕೊನೆಗೆ 2412ಕ್ಕೇ ಮರಳಿದೆ.