ಕಾವೇರಿ 2.0: ಕಚೇರಿ ಸರಾಗ, ಕಚೇರಿ ಮುಂದಿನ ಬೀದಿ ಖಾಲಿ

ಕರ್ನಾಟಕದಲ್ಲಿ ಆಸ್ತಿ ನೋಂದಣಿಯ ಆನ್‌ಲೈನ್ ಸೇವೆಯಾಗಿ ಕಾವೇರಿ 2.0 ಚೆನ್ನಾಗಿದೆ. ಮನೆಯಿಂದಲೇ ಲಾಗಿನ್ ಆಗಿ ವಿವರ ತುಂಬಿ, ಕ್ರಯಪತ್ರದ ಕರಡು ಅಪ್‌ಲೋಡ್ ಮಾಡಬೇಕು. ಉಪನೋಂದಣಾಧಿಕಾರಿ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿದರೆ ಆಯಿತು. ಕಚೇರಿಗೆ ಹೋಗುವುದು ಫೋಟೊ, ಹೆಬ್ಬೆಟ್ಟಿಗೆ ಮಾತ್ರ.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರಿನಿಂದ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಹಣಿಯಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಪಟ್ಟಣದ ನಿವೇಶನವಾದರೆ ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಕಡ್ಡಾಯ. ಸರ್ವರ್ ಒಂದೇ ಆದ್ದರಿಂದ ಅದು ಕೂತರೆ ಇಡೀ ರಾಜ್ಯವೇ ಕೂತಂತೆ. 2025ರ ಜನವರಿಯ ಸೈಬರ್ ದಾಳಿಯಲ್ಲಿ ಆದದ್ದು ಅದೇ.

ಪೆಟ್ಟು ಬಿದ್ದಿರುವುದು ತಾಲ್ಲೂಕು ಪಟ್ಟಣಕ್ಕೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಕೊಳ್ಳುವವರು ಜಿಲ್ಲಾ ಕೇಂದ್ರದವರಾದರೆ ಮಾರುವವರನ್ನೂ ಸಾಕ್ಷಿಗಳನ್ನೂ ಅಲ್ಲಿಗೇ ಕರೆಸಿಕೊಳ್ಳುತ್ತಾರೆ. ಒಂದು ಪತ್ರ ಎಂದರೆ ಪತ್ರಬರಹಗಾರರ ಕೂಲಿ, ಜೆರಾಕ್ಸ್, ಆಟೊ, ನಾಲ್ಕೈದು ಊಟ. ಎಲ್ಲವೂ ಅದರ ಜೊತೆಗೇ ಹೊರಟುಹೋಗುತ್ತದೆ. ಛಾಪಾಕಾಗದ ಮಾರುವವರ ಕಸುಬು ಇದಕ್ಕೂ ಎಷ್ಟೋ ಮೊದಲೇ ಮುಗಿದಿತ್ತು ಬಿಡಿ.

ಪತ್ರಬರಹಗಾರರು ಪೂರ್ತಿ ಕಣ್ಮರೆಯಾಗಿಲ್ಲ. ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕೂ ದಿಕ್ಕಿನ ಗಡಿ, ತಪ್ಪಿಲ್ಲದೆ ಬರೆಯಲು ಅನುಭವ ಬೇಕೇ ಬೇಕು. ಕಂಪ್ಯೂಟರ್ ಕಲಿತವರು ಅರ್ಜಿ ತುಂಬುವ ಕೆಲಸಕ್ಕೆ ಇಳಿದಿದ್ದಾರೆ, ಟೈಪ್‌ರೈಟರ್ ನಂಬಿದವರಿಗೆ ದಾರಿಯಿಲ್ಲ. ಸೇವೆಗೆ ಐದರಲ್ಲಿ ನಾಲ್ಕು ಕೊಡಬಹುದು. ಈ ಜನರಿಗೆ ತರಬೇತಿ, ಪರವಾನಗಿ ಕೊಟ್ಟು ಅಧಿಕೃತ ಸಹಾಯಕರನ್ನಾಗಿ ಮಾಡಿಕೊಂಡರೆ ಉಳಿದ ಒಂದನ್ನೂ.