ಪ್ರತಿಲಿಪಿನಾ, ಪ್ಲೇ ಬುಕ್ಸಾ, ವಾಟ್ಸಾಪಾ? ಕನ್ನಡ ಇ-ಬುಕ್ಕಿಗೆ ಓದೋರು ಎಲ್ಲಿ ಸಿಗ್ತಾರೆ

ಕನ್ನಡದಲ್ಲಿ ಸ್ವಂತವಾಗಿ ಇ-ಬುಕ್ ಮಾಡೋರು ನನ್ನ ಪರಿಚಯದಲ್ಲೇ ಸುಮಾರು ಜನ ಇದಾರೆ, ಎಲ್ಲರದ್ದೂ ಒಂದೇ ಪ್ರಶ್ನೆ, ಪುಸ್ತಕ ಮಾಡಿದ್ದಾಯ್ತು ಓದೋರನ್ನ ಎಲ್ಲಿಂದ ತರೋದು ಅಂತ. ನಾನು ಬರೆಯೋದು ಪತ್ತೇದಾರಿ ಕಾದಂಬರಿ, ಹೆಚ್ಚಿನವು ಮಲೆನಾಡಿನ ಕಡೆ ನಡೆಯೋ ಕಥೆಗಳು, ಪ್ರಿಂಟ್ ಹಾಕ್ಸಿಲ್ಲ, ಪ್ರಕಾಶಕರೂ ಇಲ್ಲ. ಪ್ರತಿಲಿಪಿ (ಕಂತು ಕಂತಾಗಿ ಕಥೆ ಹಾಕೋ ಆ್ಯಪ್), ಗೂಗಲ್ ಪ್ಲೇ ಬುಕ್ಸ್ (ಗೂಗಲ್‌ನ ಇ-ಬುಕ್ ಅಂಗಡಿ), ಫೇಸ್‌ಬುಕ್, ಇಮೇಲ್, ವಾಟ್ಸಾಪ್ ಇಷ್ಟನ್ನೂ ಕೆಲವು ವರ್ಷದಿಂದ ಜೊತೆಜೊತೆಗೇ ನಡೆಸ್ಕೊಂಡು ಬಂದಿದೀನಿ, ಹಾಗಾಗಿ ಯಾವುದು ಯಾವುದಕ್ಕೆ ಆಗುತ್ತೆ ಅಂತ ಒಂದು ಅಂದಾಜು ಸಿಕ್ಕಿದೆ. ಮೊದ್ಲೇ ಹೇಳ್ಬಿಡ್ತೀನಿ, ಓದೋರು ಜಾಸ್ತಿ ಸಿಗೋ ಜಾಗ ಬೇರೆ, ಕಾಸು ಕೊಟ್ಟು ಓದೋರು ಸಿಗೋ ಜಾಗ ಬೇರೆ, ಎರಡನೇ ಪುಸ್ತಕಕ್ಕೂ ನಮ್ಮನ್ನ ಹುಡುಕ್ಕೊಂಡು ಬರೋರು ಸಿಗೋ ಜಾಗ ಇನ್ನೂ ಬೇರೆ. ನಂಗೆ ಮುಖ್ಯ ಅನ್ಸೋದು ಆ ಮೂರನೇದು, ಈ ಹೋಲಿಕೆ ಎಲ್ಲಾ ಅದೇ ಲೆಕ್ಕದಲ್ಲಿ ನೋಡಿ ಬರೆದಿದ್ದು.

ಅಮೆಜಾನಿನ ಇ-ಬುಕ್ ಅಂಗಡಿ ಕಿಂಡಲ್ ಯಾಕಿಲ್ಲ ಅಂತ ಕೇಳ್ತೀರಿ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳನ್ನ ಕಿಂಡಲ್‌ಗೆ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದು ಬಂದ್ವು, ಕನ್ನಡ ಅದರಲ್ಲಿ ಇರ್ಲಿಲ್ಲ. ಅದಕ್ಕೇ ಕನ್ನಡದ ಇ-ಬುಕ್ ಓದೋರು ಬೆಳೆದಿದ್ದೇ ಬೇರೆ ಜಾಗಗಳಲ್ಲಿ. ಇಂಗ್ಲಿಷ್‌ನಲ್ಲಿ ಸಿಗೋ ಸಲಹೆಗಳು ಮುಕ್ಕಾಲು ಪಾಲು ಕಿಂಡಲ್ ಸುತ್ತಾನೇ ಇರುತ್ವೆ, ಅವರ ಕೆಡಿಪಿ ಸೆಲೆಕ್ಟ್ ಯೋಜನೆಗೆ ಸೇರಿ 90 ದಿನ ಇ-ಬುಕ್ ಬೇರೆಲ್ಲೂ ಮಾರಲ್ಲ ಅಂತ ಬರೆದುಕೊಡಿ, ಫ್ರೀ ಪ್ರಮೋಶನ್ ಇಡಿ ಅಂತೆಲ್ಲ, ಅದನ್ನ ಓದಿ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ, ನಮ್ಮ ದಾರಿ ನಾವೇ ನೋಡ್ಕೋಬೇಕು. ಇನ್ನು ಮೈಲ್ಯಾಂಗ್ ಇದೆ, ಕನ್ನಡದ ಇ-ಬುಕ್ಕು ಆಡಿಯೋ ಬುಕ್ಕು ಎರಡೂ ಇರೋ ಆ್ಯಪ್, ಕನ್ನಡ ಪುಸ್ತಕ ಬೇಕು ಅಂತಲೇ ಬಂದಿರೋ ಜನ ಅಲ್ಲಿರ್ತಾರೆ, ಆದ್ರೆ ನಾನು ಅಲ್ಲಿ ಹಾಕಿಲ್ಲ, ಹಾಗಾಗಿ ಇಲ್ಲಿ ಹೋಲಿಸ್ತಾ ಇಲ್ಲ.

ಮೊದಲು ಪ್ರತಿಲಿಪಿ. ಬೆಂಗಳೂರಿನ ಕಂಪನಿ, 2014ರಲ್ಲಿ ಶುರುವಾಗಿದ್ದು, ಈಗ ಹನ್ನೆರಡು ಭಾಷೆ ಇದೆ. ಇಲ್ಲಿ ಹೆಸರೇ ಕೇಳದ ಲೇಖಕರನ್ನೂ ಜನ ಓದ್ತಾರೆ, ಇದು ಬೇರೆ ಎಲ್ಲೂ ಆಗಲ್ಲ. ಯಾಕಂದ್ರೆ ಓದುಗರು ಆ್ಯಪ್ ತೆಗೆಯೋದೇ ಏನಾದ್ರೂ ಓದೋಣ ಅಂತ, ಪತ್ತೇದಾರಿ, ಹಾರರ್, ಪ್ರೇಮ, ಸಂಸಾರ ಅಂತ ವಿಭಾಗ ಇರುತ್ತೆ, ಅದರೊಳಗೆ ಹೋಗಿ ಯಾರದ್ದೋ ಕಥೆ ತೆಗೀತಾರೆ, ಹಿಡಿಸಿದ್ರೆ ಫಾಲೋ ಮಾಡ್ತಾರೆ, ಮುಂದಿನ ಕಂತು ಹಾಕಿದ ತಕ್ಷಣ ಅವರಿಗೆ ನೋಟಿಫಿಕೇಶನ್ ಹೋಗುತ್ತೆ. ಸುಧಾ, ತರಂಗದಲ್ಲಿ ಧಾರಾವಾಹಿ ಓದೋಕೆ ವಾರ ಪೂರ್ತಿ ಕಾಯ್ತಿದ್ರಲ್ಲ ನಮ್ಮ ಅಮ್ಮ ಚಿಕ್ಕಮ್ಮಂದಿರು, ಆ ಅಭ್ಯಾಸ ಸತ್ತಿಲ್ಲ, ಫೋನಿಗೆ ಬಂದಿದೆ ಅಷ್ಟೇ. ನನ್ನ ಕಥೆಗೆ ಕಾಮೆಂಟ್ ಹಾಕೋರಲ್ಲಿ ಹೆಣ್ಮಕ್ಕಳೇ ಹೆಚ್ಚು, ರಾತ್ರಿ ಅಡುಗೆ ಮನೆ ಕೆಲಸ ಮುಗಿದ ಮೇಲೆ ಓದೋರು, ಹಾಗಾಗಿ ರಾತ್ರಿ ಊಟದ ಹೊತ್ತು ಕಳೆಯೋದ್ರೊಳಗೆ ಕಂತು ಹಾಕಿದ್ರೆ ಅವತ್ತೇ ಓದು ಬೀಳುತ್ತೆ, ಬೆಳಿಗ್ಗೆ ಹಾಕಿದ್ರೆ ಸಂಜೆವರೆಗೂ ತಣ್ಣಗಿರುತ್ತೆ.

ಲೇಖಕರಿಗೆ ಇಲ್ಲಿ ಸಿಗೋ ದೊಡ್ಡ ಪಾಠ ಅಂದ್ರೆ ಪ್ರತಿ ಕಂತಿಗೂ ಎಷ್ಟು ಜನ ಓದಿದ್ರು ಅನ್ನೋದು ಬೇರೆ ಬೇರೆಯಾಗಿ ಕಾಣ್ಸುತ್ತೆ. ಒಂದನೇ ಕಂತಿಂದ ಎರಡನೇ ಕಂತಿಗೆ ಬರುವಾಗ್ಲೇ ಅರ್ಧಕ್ಕರ್ಧ ಉದುರಿಹೋಗೋದುಂಟು, ಅದು ಮಾಮೂಲು, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಆದ್ರೆ ಐದನೇ ಕಂತಿನ ತನಕ ಸರಿಯಾಗಿ ಬಂದು ಆರನೇದ್ರಲ್ಲಿ ಬಿತ್ತು ಅಂದ್ರೆ ಅಲ್ಲೇನೋ ಎಳೆದಿದೀವಿ ಅಂತಲೇ ಅರ್ಥ. ನನ್ನ ಒಂದು ಕಥೇಲಿ ಇನ್ಸ್‌ಪೆಕ್ಟರು ಕಾಫಿ ತೋಟದ ರೈಟರನ್ನ, ಅಂದ್ರೆ ತೋಟದ ಲೆಕ್ಕ ಬರೆಯೋನನ್ನ, ವಿಚಾರಿಸೋ ಕಂತು ಇತ್ತು, ಬರೀ ಮಾತು, ಯಾರೂ ಕೂತಲ್ಲಿಂದ ಏಳಲ್ಲ, ಅಲ್ಲೇ ಓದು ಇಳೀತು. ಇ-ಬುಕ್ ಮಾಡುವಾಗ ಅದೇ ವಿಚಾರಣೇನ ತೋಟದೊಳಗೆ ನಡ್ಕೊಂಡು ಹೋಗ್ತಾ ಆಗೋ ಹಾಗೆ, ಬೀಗ ಹಾಕಿದ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಜಾಗ) ಮುಂದೆ ರೈಟರು ಸ್ವಲ್ಪ ತಡವರಿಸೋ ಹಾಗೆ ಬರೆದೆ, ಪುಸ್ತಕ ಓದಿದೋರು ಆ ಭಾಗಾನೇ ಎತ್ತಿ ಹೇಳಿದ್ರು. ಇಂಥ ಮಾಹಿತಿ ಒಬ್ಬ ಸಂಪಾದಕ ಪಕ್ಕದಲ್ಲಿ ಕೂತು ಹೇಳಿಕೊಡ್ಬೇಕಿತ್ತು, ಸ್ವಂತವಾಗಿ ಮಾಡೋರಿಗೆ ಸಂಪಾದಕರು ಎಲ್ಲಿದಾರೆ.

ಇಷ್ಟಿದ್ರೂ ಅಲ್ಲಿನ ಓದುಗರು ಅಲ್ಲೇ ಇರ್ತಾರೆ. ಬಹಳಷ್ಟು ಕಥೆ ಪುಕ್ಕಟೆ ಸಿಗೋ ಕಡೆ ಓದೋರಿಗೆ "ಇದೇ ಕಥೆ ತಿದ್ದಿದ ಪುಸ್ತಕ ಬಂದಿದೆ, 99 ರೂಪಾಯಿ, ತಗೊಳ್ಳಿ" ಅಂದ್ರೆ ಶುಭಾಶಯ ಹೇಳ್ತಾರೆ, ಮನಸಾರೆ ಹೇಳ್ತಾರೆ, ಆದ್ರೆ ಕೊಳ್ಳೋರು ತುಂಬಾ ಕಮ್ಮಿ. ಅದು ಅವರ ತಪ್ಪಲ್ಲ, ಒಂದ್ಸಲ ಓದಿದ ಕಥೇನ ಮತ್ತೆ ಯಾಕೆ ಕೊಳ್ಬೇಕು. ಅದಕ್ಕೇ ನಾನೀಗ ಮಾಡೋದು ಏನಂದ್ರೆ ಸರಣಿ ಪೂರ್ತಿ ಪ್ರತಿಲಿಪೀಲಿ ಬಿಡೋದು, ಅದೇ ಇನ್ಸ್‌ಪೆಕ್ಟರ್ ಇರೋ ಬೇರೆ ಕಾದಂಬರಿ ಮಾತ್ರ ಇ-ಬುಕ್ ಆಗಿ ಮಾರೋದು. ಪಾತ್ರದ ಮೇಲೆ ಪ್ರೀತಿ ಬಂದೋರು ಹೊಸ ಕಥೆಗೆ ಬರ್ತಾರೆ.

ಗೂಗಲ್ ಪ್ಲೇ ಬುಕ್ಸ್ ಇದಕ್ಕೆ ಪೂರ್ತಿ ಉಲ್ಟಾ. ಒಳಗಲ್ಲೀಲಿ ಇರೋ ನೀಟಾದ ಅಂಗಡಿ ಇದ್ದ ಹಾಗೆ, ವಿಳಾಸ ಗೊತ್ತಿರೋರು ಬರ್ತಾರೆ, ದಾರೀಲಿ ಹೋಗೋರು ಬರಲ್ಲ. ಬರೀ ಪ್ಲೇ ಬುಕ್ಸ್‌ನಲ್ಲಿ ಹಾಕಿ ಸುಮ್ನೆ ಕೂತ್ರೆ ಓದುಗರು ಬೆಳೆಯಲ್ಲ. ಆದ್ರೆ ಬಂದವರಿಗೆ ಕೊಳ್ಳೋದು ತುಂಬಾ ಸುಲಭ, ಆಂಡ್ರಾಯ್ಡ್ ಫೋನಲ್ಲಿ ಗೂಗಲ್ ಅಕೌಂಟ್ ಹೆಂಗೂ ಇರುತ್ತೆ, ಯುಪಿಐ ನಡೆಯುತ್ತೆ, ಹೊರದೇಶದಲ್ಲಿರೋರೂ ತಗೋಬಹುದು. ಅಮೆರಿಕ, ಗಲ್ಫ್ ಕಡೆ ಇರೋ ಕನ್ನಡದೋರಿಗೆ ಪುಸ್ತಕ ಪಾರ್ಸೆಲ್ ಕಳಿಸೋ ಖರ್ಚು ನೆನೆಸ್ಕೊಂಡ್ರೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಗೊತ್ತಾಗುತ್ತೆ. ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡೋ ಗುರುತಿನ ಸಂಖ್ಯೆ) ಇಲ್ಲದಿದ್ರೂ ಗೂಗಲ್‌ನೋರು ತಮ್ಮದೇ ಒಂದು ಗುರುತಿನ ಸಂಖ್ಯೆ ಕೊಡ್ತಾರೆ, ಬೇಕೇ ಬೇಕು ಅಂದ್ರೆ ನಮ್ಮ ದೇಶದಲ್ಲಿ ಐಎಸ್‌ಬಿಎನ್ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತೆ, ಅದಕ್ಕೆ ಕಾಸು ಕೇಳೋ ಮಧ್ಯವರ್ತಿಗಳ ಹತ್ರ ಹೋಗ್ಬೇಡಿ.

ಪ್ಲೇ ಬುಕ್ಸ್‌ನಲ್ಲಿ ಎರಡು ಸಣ್ಣ ವಿಷಯಕ್ಕೆ ಗಮನ ಕೊಟ್ರೆ ವ್ಯತ್ಯಾಸ ಕಾಣ್ಸುತ್ತೆ. ಒಂದು, ಸ್ಯಾಂಪಲ್ ಎಷ್ಟು ತೋರಿಸ್ಬೇಕು ಅಂತ ನಾವೇ ಇಡಬಹುದು, ಶೇಕಡಾ 20 ಅಂತ ಇಟ್ಟಾಗ ಮುನ್ನುಡಿ, ಅರ್ಪಣೆ, ಕೃತಜ್ಞತೆ ಇವೇ ಅರ್ಧ ಸ್ಯಾಂಪಲ್ ತಿಂದುಹಾಕ್ತವೆ, ಅವನ್ನೆಲ್ಲ ಕೊನೆಗೆ ಹಾಕಿ, ಕಥೆ ಮೊದಲ ಪುಟದಿಂದ್ಲೇ ಶುರುವಾಗ್ಲಿ. ಎರಡು, ನಮ್ಮ ಜನ ಕನ್ನಡ ಪುಸ್ತಕಾನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕ್ತಾರೆ, ಕಾದಂಬರಿ ಅನ್ನೋದನ್ನೂ ಹಾಗೇ ಹೊಡೀತಾರೆ, ಅದಕ್ಕೇ ಪುಸ್ತಕದ ವಿವರಣೆಯ ಕೊನೇಲಿ ಹೆಸರು, ಲೇಖಕರ ಹೆಸರು, ಯಾವ ತರದ ಕಥೆ ಅನ್ನೋದನ್ನ ಇಂಗ್ಲಿಷ್ ಲಿಪಿಯಲ್ಲೂ ಒಂದು ಸಾಲು ಹಾಕಿ.

ಫೈಲ್ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಓದುಗರು ಉಳಿಯೋದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಪಿಡಿಎಫ್ ಮಾಡೋದು ಸುಲಭ, ಆದ್ರೆ ಫೋನಲ್ಲಿ ಓದೋರು ಪುಟ ಹಿಗ್ಗಿಸಿ ಎಡಕ್ಕೆ ಬಲಕ್ಕೆ ಎಳೀತಾ ಇರ್ಬೇಕು, ಹತ್ತು ಪುಟಕ್ಕೆ ಸಾಕಾಗಿಹೋಗುತ್ತೆ. ಇಪಬ್ ಅನ್ನೋ ಇ-ಬುಕ್ ಫೈಲ್ ಆದ್ರೆ ಅಕ್ಷರ ದೊಡ್ಡದು ಮಾಡಿದ್ರೂ ಸಾಲು ತಾನೇ ಹೊಂದ್ಕೊಳ್ಳುತ್ತೆ. ನನ್ನ ಓದುಗರಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರು ಇದಾರೆ, ಅಕ್ಷರ ಎಷ್ಟು ದೊಡ್ಡದು ಮಾಡ್ಕೊಂಡಿದಾರೆ ಅಂದ್ರೆ ಒಂದು ಸ್ಕ್ರೀನಿಗೆ ಆರೇಳು ಸಾಲು, ಅದರ ಫೋಟೋ ತೆಗೆದು ಕಳಿಸಿ "ಕನ್ನಡಕ ಇಲ್ಲದೆ ಓದಿದೆ ಕಣಮ್ಮ" ಅಂದ್ರು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಬರೆದಿಟ್ಟ ಕಥೆಗಳಿದ್ರೆ ಮೊದಲು ಯೂನಿಕೋಡ್‌ಗೆ (ಎಲ್ಲ ಫೋನಲ್ಲೂ ಕಾಣೋ ಅಕ್ಷರಕ್ಕೆ) ಬದಲಾಯಿಸಿ, ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ದೀರ್ಘ ಇವನ್ನ ಒಂದೊಂದು ಸಾಲೂ ಕಣ್ಣಾಡಿಸಿ ನೋಡ್ಲೇಬೇಕು, ಅಲ್ಲಿ ಇಲ್ಲಿ ಒತ್ತು ಜಾರಿರುತ್ತೆ. ಸಿಜಿಲ್, ಕ್ಯಾಲಿಬರ್ ಎರಡೂ ಪುಕ್ಕಟೆ ಸಾಫ್ಟ್‌ವೇರು, ಇಪಬ್ ಕೆಲಸಕ್ಕೆ ಧಾರಾಳ ಸಾಕು.

ಫೇಸ್‌ಬುಕ್ಕಲ್ಲಿ ಕನ್ನಡದ ಓದುಬರಹದ ಜನ ತುಂಬಾ ಇದಾರೆ, ಲೇಖಕರು, ವಿಮರ್ಶಕರು, ಪುಸ್ತಕ ಕೊಳ್ಳೋ ಅಭ್ಯಾಸ ಇರೋರು. ಆದ್ರೆ "ನನ್ನ ಪುಸ್ತಕ ಬಂದಿದೆ, ಲಿಂಕ್ ಇಲ್ಲಿದೆ" ಅನ್ನೋ ಪೋಸ್ಟಿಗೆ ಅಭಿನಂದನೆ ಬರುತ್ತೆ, ಓದು ಬರಲ್ಲ. ಕಥೆಯ ಒಂದು ಪುಟಾನ ಹಾಗೇ ಹಾಕಿದ್ರೆ ಜನ ನಿಂತು ಓದ್ತಾರೆ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ನಮ್ಮ ಪುಸ್ತಕ ಬಿಟ್ಟು ಬೇರೆಯವರ ಪುಸ್ತಕದ ಬಗ್ಗೆ ಬರೆಯೋದು. ಹಳೇ ಪತ್ತೇದಾರಿ ಕಾದಂಬರಿಗಳು, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕಿಷ್ಟು ಅಂತ ಬಾಡಿಗೆಗೆ ತಂದು ಓದ್ತಿದ್ದ ಕಾಲ, ಇದರ ಬಗ್ಗೆ ನಾಲ್ಕು ಸಾಲು ಬರೆದ್ರೆ ಕಾಮೆಂಟಲ್ಲಿ ಆ ತರದ ಓದಿನ ರುಚಿ ಇರೋರೇ ಬಂದು ಸೇರ್ತಾರೆ, ಅವರಲ್ಲಿ ಕೆಲವರು ನೀವೂ ಬರೀತೀರಂತಲ್ಲ ಅಂತ ತಾವೇ ಕೇಳ್ತಾರೆ.

ಇಮೇಲ್ ಪಟ್ಟಿ ಇಂಗ್ಲಿಷ್ ಲೇಖಕರಿಗೆ ಜೀವಾಳ, ನಮಗೆ ಅಷ್ಟಿಲ್ಲ. ಊರಲ್ಲಿರೋ ಓದುಗರು ಜಿಮೇಲ್ ತೆಗೆಯೋದು ಬಿಲ್ಲು, ಬ್ಯಾಂಕಿನ ಕೆಲಸಕ್ಕೆ. ಹೊರದೇಶದ ಕನ್ನಡದೋರು ಮಾತ್ರ ಇಮೇಲ್ ಓದ್ತಾರೆ, ಉತ್ತರಾನೂ ಬರೀತಾರೆ, ಅವರಿಗಾಗಿ ಇಟ್ಕೊಂಡಿದೀನಿ.

ಈಗ ವಾಟ್ಸಾಪ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ಇದೇ. ಇದರಲ್ಲೂ ಮೂರು ತರ ಇದೆ, ಮೂರೂ ಬೇರೆ ಬೇರೆ. ಗ್ರೂಪಲ್ಲಿ ಸಾವಿರ ಜನರ ತನಕ ಸೇರಿಸಬಹುದು, ಆದ್ರೆ ಶುಭೋದಯದ ಚಿತ್ರ, ರಾಜಕೀಯದ ಫಾರ್ವರ್ಡು ಶುರುವಾದ್ರೆ ಪುಸ್ತಕದ ಮಾತು ಮುಳುಗಿಹೋಗುತ್ತೆ, ಹೆಣ್ಮಕ್ಕಳಿಗೆ ತಮ್ಮ ನಂಬರ್ ಎಲ್ಲರಿಗೂ ಕಾಣೋದು ಇಷ್ಟ ಇರಲ್ಲ, ಅದು ನ್ಯಾಯವೇ. ಚಾನೆಲ್ಲು 2023ರ ಸೆಪ್ಟೆಂಬರಲ್ಲಿ ನಮ್ಮ ದೇಶಕ್ಕೆ ಬಂತು, ಅದರಲ್ಲಿ ಯಾರ ನಂಬರೂ ಯಾರಿಗೂ ಕಾಣಲ್ಲ, ಎಷ್ಟು ಜನ ಬೇಕಾದ್ರೂ ಸೇರಬಹುದು, ಆದ್ರೆ ಎದುರುಬದುರು ಮಾತಿಲ್ಲ, ಸುದ್ದಿ ತಿಳಿಸೋಕೆ ಸರಿ. ನಾನು ನೆಚ್ಚಿಕೊಂಡಿರೋದು ಬ್ರಾಡ್‌ಕಾಸ್ಟ್ ಲಿಸ್ಟು, ಅಂದ್ರೆ ಒಂದೇ ಮೆಸೇಜನ್ನ ಒಟ್ಟಿಗೆ ತುಂಬಾ ಜನಕ್ಕೆ ಬೇರೆ ಬೇರೆಯಾಗಿ ಕಳಿಸೋ ಪಟ್ಟಿ. ಒಂದು ಲಿಸ್ಟಿಗೆ 256 ಜನ ಮಾತ್ರ, ಅದೂ ಅವರು ನಮ್ಮ ನಂಬರ್ ಸೇವ್ ಮಾಡ್ಕೊಂಡಿದ್ರೆ ಮಾತ್ರ ಮೆಸೇಜ್ ತಲುಪೋದು. ಎಲ್ಲರೂ ಇದನ್ನ ಕೊರತೆ ಅಂತಾರೆ, ನಂಗೆ ಇದೇ ಒಳ್ಳೇದು ಅನ್ಸುತ್ತೆ. ನಂಬರ್ ಸೇವ್ ಮಾಡ್ಕೊಂಡಿದಾರೆ ಅಂದ್ರೆ ಅವರಿಗೆ ನಿಜವಾಗ್ಲೂ ಬೇಕು ಅಂತ. ಮೆಸೇಜ್ ಅವರಿಗೆ ಒಬ್ಬೊಬ್ಬರಿಗೇ ಬಂದ ಹಾಗೆ ಕಾಣುತ್ತೆ, ಉತ್ತರಾನೂ ನಮಗೊಬ್ಬರಿಗೇ ಬರುತ್ತೆ, ಜನ ಕಾಮೆಂಟಲ್ಲಿ ಹೇಳದ ಮಾತು ಇಲ್ಲಿ ಹೇಳ್ತಾರೆ. "ಕೊಲೆಗಾರ ಯಾರು ಅಂತ ಮಧ್ಯದಲ್ಲೇ ಗೊತ್ತಾಯ್ತು ಮೇಡಂ, ಟಾರ್ಚಿನ ವಿಷಯ ಎರಡು ಸಲ ಬಂತಲ್ಲ" ಅಂತ ಒಬ್ಬ ಹುಡುಗ ದಾವಣಗೆರೆಯಿಂದ ಬರೆದಿದ್ದ, ಈಗ ಅವನು ನನ್ನ ಕರಡು ಓದಿಕೊಡೋ ನಾಲ್ಕೈದು ಜನರಲ್ಲಿ ಒಬ್ಬ.

ಲಿಸ್ಟಿಗೆ ಜನ ಬರೋದು ಹೇಗೆ ಅಂದ್ರೆ, ಪ್ರತಿ ಇ-ಬುಕ್ಕಿನ ಕೊನೇ ಪುಟದಲ್ಲಿ, ಕಥೆ ಮುಗಿದ ಸಾಲಿನ ಕೆಳಗೇನೇ, "ಈ ಇನ್ಸ್‌ಪೆಕ್ಟರ್ ಇರೋ ಒಂದು ಸಣ್ಣಕಥೆ ಇದೆ, ಬೇಕಾದ್ರೆ ವಾಟ್ಸಾಪ್ ಮಾಡಿ" ಅಂತ ಒಂದು ಲಿಂಕ್ ಹಾಕ್ತೀನಿ, ಒತ್ತಿದ್ರೆ ನೇರ ಚಾಟ್ ತೆಗೆಯುತ್ತೆ. ಇದಕ್ಕೆ ಬೇರೆ ಸಿಮ್ ಇಟ್ಕೊಳ್ಳಿ, ಮನೆ ನಂಬರ್ ಕೊಡಬೇಡಿ, ಇದು ಅದರಲ್ಲೂ ಹೆಣ್ಣು ಲೇಖಕಿಯರಿಗೆ ಹೇಳ್ತಿರೋದು. ತಿಂಗಳಿಗೆ ಒಂದು ಮೆಸೇಜಿಗಿಂತ ಜಾಸ್ತಿ ಕಳಿಸಲ್ಲ. ಹೊಸ ಪುಸ್ತಕ ಬಂದ ದಿನ ಪ್ಲೇ ಬುಕ್ಸ್ ಲಿಂಕ್ ಕಳಿಸ್ತೀನಿ, ಮೊದಲ ವಾರ ಇವರಿಗೆ ಕಮ್ಮಿ ಬೆಲೆ, 49 ರೂಪಾಯಿ, ಪ್ಲೇ ಬುಕ್ಸ್‌ನ ಪ್ರೋಮೋ ಕೋಡ್ ಇದಕ್ಕೇ ಇರೋದು. ಆ ವಾರದ ಕೊಳ್ಳುವಿಕೆಯಲ್ಲಿ ದೊಡ್ಡ ಪಾಲು ಈ ಲಿಸ್ಟಿಂದಾನೇ ಬರೋದು, ಅದೇ ಮಂದಿ ರಿವ್ಯೂನೂ ಬರೀತಾರೆ.

ಪಿಡಿಎಫ್‌ನ ನೇರವಾಗಿ ಯುಪಿಐ ಮಾಡಿಸ್ಕೊಂಡು ಕಳಿಸೋದನ್ನೂ ನಡೆಸಿದೀನಿ, ಕಮಿಷನ್ ಇಲ್ಲ, ಕಾಸು ಅವತ್ತೇ ಬರುತ್ತೆ. ಆದ್ರೆ ಹಾಗೆ ಮಾರಿದ ಒಂದು ಪುಸ್ತಕ ಸ್ವಲ್ಪ ದಿನದಲ್ಲೇ ಯಾವುದೋ ಗ್ರೂಪಲ್ಲಿ ಓಡಾಡ್ತಿತ್ತು, ಮುಖಪುಟ ಸಮೇತ. ಬರೆದೋರ ಹೊಟ್ಟೆ ಉರಿಯುತ್ತೆ, ನಿಜ. ಅದು ನಿಲ್ಲಿಸೋಕಾಗೋ ವಿಷಯ ಅಲ್ಲ, ಹಾಗಾಗಿ ಈಗ ಎಲ್ಲ ಫೈಲಿನ ಕೊನೇಲೂ ಆ ವಾಟ್ಸಾಪ್ ಲಿಂಕ್ ಇದ್ದೇ ಇರುತ್ತೆ. ಕದ್ದ ಪ್ರತಿ ಓದಿ ಲಿಸ್ಟಿಗೆ ಬಂದೋರು ಇದಾರೆ, ಮುಂದಿನ ಪುಸ್ತಕ ಕೊಂಡು ಓದಿದಾರೆ.

ಕಾದಂಬರಿ ಬರೆಯೋರು ಹೊಸಬರಾಗಿದ್ರೆ ಪ್ರತಿಲಿಪಿಯಿಂದ ಶುರು ಮಾಡಿ, ಕೈ ಪಳಗುತ್ತೆ, ಓದುಗರ ನಾಡಿ ಸಿಗುತ್ತೆ. ಪ್ರಬಂಧ, ಪ್ರವಾಸ, ಅಡುಗೆ, ಕೃಷಿ ಇಂಥದ್ದು ಬರೆಯೋರಿಗೆ ಪ್ರತಿಲಿಪಿಗಿಂತ ಫೇಸ್‌ಬುಕ್ ವಾಸಿ ಅನ್ಸುತ್ತೆ, ಅಲ್ಲಿಂದ ಸೀದಾ ವಾಟ್ಸಾಪ್ ಲಿಸ್ಟಿಗೆ ಕರ್ಕೊಳ್ಳಿ. ಕವನ ಸಂಕಲನಕ್ಕೆ ಇ-ಬುಕ್ಕಲ್ಲಿ ಕೊಳ್ಳೋರನ್ನ ನಾನಂತೂ ಹೆಚ್ಚು ಕಂಡಿಲ್ಲ, ಕವನ ಓದಿ ಹೇಳೋ ಆಡಿಯೋ ದಾರಿ ನೋಡಿ. ನವೆಂಬರಲ್ಲಿ ಎಲ್ಲ ಪ್ರಕಾಶಕರೂ ರಾಜ್ಯೋತ್ಸವದ ರಿಯಾಯಿತಿ ಬಿಡ್ತಾರೆ, ಆಗ ಹೊಸ ಪುಸ್ತಕ ಬಿಟ್ರೆ ಅವರ ಸದ್ದಲ್ಲಿ ನಮ್ಮದು ಕೇಳಲ್ಲ, ಹಳೇ ಪುಸ್ತಕದ ಬೆಲೆ ಇಳಿಸೋಕೆ ಆ ತಿಂಗಳು ಇಟ್ಕೊಳ್ಳಿ, ಹೊಸದನ್ನ ಜನವರಿ ನಂತರ ಬಿಡಿ.